ತಿರುಗಿ ಬರುವಷ್ಟು ಉಸಿರು

ನಮ್ಮ ಪಿಟಿ ಟೀಚರ ಬಲಗೈ ಹೆಬ್ಬೆರಳು ಅಗಲವಾಗಿತ್ತು, ತುದಿಯಲ್ಲಿ ಚಪ್ಪಟೆ. ಯಾವ ಕಾಲದಲ್ಲೋ ಚೆಂಡು ಬಡಿದು ಉಗುರಿನ ಒಂದು ಅಂಚು ಕಪ್ಪಾದದ್ದು ಹಾಗೆಯೇ ಉಳಿದಿತ್ತು. ಪುತ್ತೂರಿನ ನಮ್ಮ ಹೈಸ್ಕೂಲಿನಲ್ಲಿ ಬೆಳಿಗ್ಗೆ ಪ್ರಾರ್ಥನೆಯ ಬೆಲ್ಲಿಗೆ ಮೊದಲು ಅವರು ಗೋಣಿಯಿಂದ ಚೆಂಡುಗಳನ್ನು ಒಂದೊಂದಾಗಿ ತೆಗೆದು ಆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. "ಇದಕ್ಕೆ ಇನ್ನು ಸ್ವಲ್ಪ ಗಾಳಿ ಬೇಕು." "ಇದು ಸಾಕು." "ಇದರ ಕಥೆ ಮುಗೀತು, ಆಚೆ ಇಡು." ಗೇಜು ಗೀಜು ಏನೂ ಇರಲಿಲ್ಲ. ಒತ್ತಿದ ಚೆಂಡಿಗೆ ತಮ್ಮ ಅಭಿಪ್ರಾಯವನ್ನು ತಿಳಿಸಿ ಮುಂದಿನದಕ್ಕೆ ಕೈ ಹಾಕುವುದು.

ಗೋಣಿಯ ಬಾಯಿ ಅಗಲಿಸಿ ಹಿಡಿಯುವ ಕೆಲಸ ನನ್ನದು. ನನಗೆ ಚಿಕ್ಕಂದಿನಿಂದ ಉಬ್ಬಸ. ಕಬಕದಿಂದ ಬಸ್ಸಿನಲ್ಲಿ ನಿಂತು ಬಂದರೇ ಏದುಸಿರು ಬಿಡುತ್ತಿದ್ದವಳು ಮೈದಾನಕ್ಕೆ ಇಳಿಯುವ ಮಾತೇ ಇರಲಿಲ್ಲ. ಬೇರೆ ಟೀಚರುಗಳಾದರೆ "ಪಾಪ, ನೀನು ಕೂತುಕೋ" ಎಂದು ಬಿಡುತ್ತಿದ್ದರು. ಇವರು ಬಿಡಲಿಲ್ಲ. "ಕಾಲು ಓಡದಿದ್ರೆ ಬೇಡ, ಕಣ್ಣು ಆಡ್ಲಿ" ಎಂದು ಧ್ವಜಕಟ್ಟೆಯ ಮೆಟ್ಟಿಲಲ್ಲಿ ಕೂರಿಸಿ ಪಾಯಿಂಟು ಬರೆಯಲು ಹಚ್ಚಿದರು. ಹೀಗಾಗಿ ಒಂದೇ ಒಂದು ಸಲ ಕಬಡ್ಡಿ ಆಡದ ನಾನು ಕಬಡ್ಡಿಯ ಎಲ್ಲ ಪಾಠಗಳನ್ನೂ ಕೇಳಿದೆ.

ಟೀಚರ್ ತಮ್ಮ ಕಾಲದಲ್ಲಿ ದೊಡ್ಡ ರೈಡರ್ ಆಗಿದ್ದವರಂತೆ. ಎದುರು ಪಾಳಯಕ್ಕೆ ಹೋಗಿ ಉಸಿರು ಬಿಡದೆ ಮೂವರನ್ನು ಮುಟ್ಟಿ ಬಂದ ಕಥೆಯನ್ನು ನಾವು ಕೇಳಿದ ಹಾಗೆಲ್ಲ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಆದರೆ ಹೊಸ ಹುಡುಗಿಯರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಮುಟ್ಟುವುದನ್ನಲ್ಲ. "ಉಸಿರು ಇಡೀ ಅಲ್ಲಿಯೇ ಖರ್ಚು ಮಾಡಿದ್ರೆ ಗೆರೆ ದಾಟುದು ಹೇಗೆ? ಹೋಗ್ಲಿಕ್ಕೆ ಮಾತ್ರ ಅಲ್ಲ ಮಕ್ಳೇ, ತಿರುಗಿ ಬರ್ಲಿಕ್ಕೂ ಉಸಿರು ಬೇಕು." ಇದನ್ನು ಅವರು ಎಷ್ಟು ಸಲ ಹೇಳಿದ್ದಾರೋ, ನಾನು ಅಂಕ ಬರೆಯುತ್ತಾ ಎಷ್ಟು ಸಲ ಕೇಳಿದ್ದೇನೋ.

ಅವರ ಇನ್ನೊಂದು ಹಟ ನೆಟ್ಟಗೆ ನಿಲ್ಲುವುದರದ್ದು. ಎಂಟನೇ ಕ್ಲಾಸಿಗೆ ಬರುತ್ತಿದ್ದ ಹಾಗೆ ನಾವೆಲ್ಲ ಹುಡುಗಿಯರು ಬೆನ್ನು ಬಗ್ಗಿಸಿ, ಪುಸ್ತಕಗಳನ್ನು ಎದೆಗೆ ಅವಚಿ ನಡೆಯಲು ಕಲಿತಿದ್ದೆವು. ಟೀಚರ್ ಹಿಂದಿನಿಂದ ಬಂದು ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. "ಎಂತ ಕದ್ದುಕೊಂಡು ಹೋಗುದಾ ನೀವು? ಎದೆ ಎಲ್ಲರಿಗೂ ಬರ್ತದೆ. ಬಗ್ಗಿಸಿದ್ರೆ ಬೆನ್ನು ನೋಯ್ತದೆ, ಬೇರೆ ಲಾಭ ಇಲ್ಲ." ಗಂಡುಮಕ್ಕಳು ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಮಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಇವತ್ತು ನನ್ನ ಜೊತೆ ಓದಿದವರು ಎಲ್ಲಿ ಸಿಕ್ಕಿದರೂ ಬೆನ್ನು ನೋಡಿಯೇ ಇವಳು ನಮ್ಮ ಶಾಲೆಯವಳು ಎಂದು ಹೇಳಬಲ್ಲೆ.

ಶಾಲೆ ಬಿಟ್ಟ ಮೇಲೆ ಅವರನ್ನು ಮರೆತೆ ಎಂದೇ ಹೇಳಬೇಕು. ನಾನು ಭೌತಶಾಸ್ತ್ರ ಓದಿ ಮಂಗಳೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗ ಸೇರಿದೆ. ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ರೇಡಿಯೇಶನ್ ಎಲ್ಲಿಗೆ ಎಷ್ಟು ಕೊಡಬೇಕೆಂದು ಡಾಕ್ಟರು ಹೇಳುತ್ತಾರೆ. ಅದು ಅಲ್ಲಿಗೆ ಸರಿಯಾಗಿ ಹೋಗಿ, ಪಕ್ಕದಲ್ಲಿರುವ ಹೃದಯಕ್ಕೋ ಶ್ವಾಸಕೋಶಕ್ಕೋ ಆದಷ್ಟು ಕಡಿಮೆ ತಾಗುವ ಹಾಗೆ ದಾರಿ ಹುಡುಕುವುದು ನಾನು. ಕಿಟಕಿ ಇಲ್ಲದ ನೆಲಮಾಳಿಗೆಯ ಕೋಣೆ, ಕಂಪ್ಯೂಟರು, ತಣ್ಣಗಾದ ಚಹ. ಒಬ್ಬರ ಪ್ಲಾನು ಮುಗಿಸುವಷ್ಟರಲ್ಲಿ ಬಾಗಿಲ ಹೊರಗೆ ಇನ್ನಷ್ಟು ಮಂದಿ. ಹೆಸರುಗಳು ಬದಲಾಗುತ್ತವೆ, ಬೆಂಚು ಖಾಲಿಯಾಗುವುದಿಲ್ಲ. ಮೊದಮೊದಲು ಪ್ರತಿಯೊಬ್ಬರ ಮುಖವೂ ನೆನಪಿರುತ್ತಿತ್ತು. ಆಮೇಲೆ ಆಮೇಲೆ ಸ್ಕ್ಯಾನಿನ ಚಿತ್ರ ಮಾತ್ರ ನೆನಪಿರತೊಡಗಿತು. ಆ ದಣಿವು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಹಾಗೆ ಒಂದು ದಿನ ಸ್ಕ್ಯಾನ್ ಕೋಣೆಗೆ ಹೋದರೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟ, ತಲೆಗೂದಲು ಉದುರಿದ ಹೆಂಗಸೊಬ್ಬರು ಮಂಚದ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಗುರುತು ಸಿಗಲಿಲ್ಲ. ಅವರು ತಮ್ಮ ಎಡ ಎದೆಯನ್ನು ಅಂಗಿಯ ಮೇಲಿನಿಂದಲೇ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಆ ಕಪ್ಪು ಅಂಚಿನ ಉಗುರು.

"ಟೀಚರ್!"

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಗೋಣಿ ಹಿಡಿಯುವವಳಲ್ವಾ? ನಿನ್ನ ಉಬ್ಬಸ ಹೇಗುಂಟು?"

ಕ್ಯಾನ್ಸರಿನ ರೋಗಿ ನನ್ನ ಆರೋಗ್ಯ ವಿಚಾರಿಸಿದ್ದು ಅದೇ ಮೊದಲು. ನಾನು ನಕ್ಕೆ.

ಎಡ ಸ್ತನವನ್ನು ಪೂರ್ತಿ ತೆಗೆದಿದ್ದರು. ಆ ಜಾಗದಲ್ಲಿ, ಎದೆಯ ಸ್ನಾಯುವಿನ ಅಡಿಯಲ್ಲಿ, ಟಿಶ್ಯೂ ಎಕ್ಸ್‌ಪಾಂಡರ್ ಎನ್ನುವ ಒಂದು ಸಿಲಿಕೋನಿನ ಚೀಲ ಇಟ್ಟಿದ್ದರು. ಚರ್ಮ ಹಿಗ್ಗಿ ಮುಂದೆ ಹೊಸ ಸ್ತನ ಕಟ್ಟಲು ಜಾಗ ಆಗಲಿ ಎಂದು ಅದಕ್ಕೆ ಆಗಾಗ ಸೂಜಿಯಲ್ಲಿ ಸಲೈನ್ ನೀರು ತುಂಬುತ್ತಾರೆ. ಸೂಜಿ ಚುಚ್ಚಬೇಕಾದ ಬಾಯಿ ಲೋಹದ್ದು, ಸಣ್ಣ ಬಿಲ್ಲೆಯಂಥದ್ದು. ಹೊರಗಿನಿಂದ ಕಾಣದ ಅದನ್ನು ಹುಡುಕಲು ಅದರೊಳಗೆ ಅಯಸ್ಕಾಂತ ಇರುತ್ತದೆ. ಇದನ್ನೆಲ್ಲ ನಾನು ವಿವರಿಸುವ ಮೊದಲೇ ಟೀಚರಿಗೆ ಅರ್ಥವಾಗಿತ್ತು. "ವಾಲ್ವ್ ಇರುವ ಬಾಲ್ ಅಷ್ಟೆ ಅಲ್ವಾ? ಇಷ್ಟು ವರ್ಷ ನಾನು ಬಾಲಿಗೆ ಗಾಳಿ ಹಾಕಿದ್ದು. ಈಗ ನನಗೆ ನೀರು ಹಾಕ್ತಾರೆ." ಇನ್ನು ಚಿಕಿತ್ಸೆ ಮುಗಿಯುವ ತನಕ ನೀರು ಒಂದು ತೊಟ್ಟೂ ಹೆಚ್ಚು ಕಡಿಮೆ ಆಗಬಾರದು, ಹಾಗೇನಾದರೂ ಆದರೆ ನನ್ನ ಲೆಕ್ಕ ಪೂರ್ತಿ ತಪ್ಪುತ್ತದೆ ಎಂದೆ. "ಗೊತ್ತುಂಟು. ಮ್ಯಾಚ್ ಶುರುವಾದ ಮೇಲೆ ಬಾಲ್ ಬದಲಾಯಿಸುದಿಲ್ಲ" ಎಂದರು.

ಅವರು ಮದುವೆಯಾಗಿರಲಿಲ್ಲ. ನಿವೃತ್ತಿಯ ನಂತರ ಇಚಿಲಂಪಾಡಿಯ ತಮ್ಮನ ಮನೆಯಲ್ಲಿದ್ದರು. ಈ ಪ್ರಾಯದಲ್ಲಿ ಇದೆಲ್ಲ ಯಾಕೆ, ತೆಗೆದದ್ದು ತೆಗೆದಾಯ್ತು ಎಂದು ನೆಂಟರೆಲ್ಲ ಹೇಳಿದ್ದರಂತೆ. ನೋಡುವವರು ಯಾರು ಎಂದೂ ಒಬ್ಬರು ಕೇಳಿದರಂತೆ. "ನಾನೇ ನೋಡುದು ಅಂದೆ" ಎಂದರು ಟೀಚರ್. "ಊರಿನ ಮಕ್ಕಳ ಭುಜ ಹಿಡಿದು ಎಳೆದವಳು ನಾನು. ಈಗ ಒಂದು ಬದಿ ವಾಲಿಕೊಂಡು, ಸೆರಗು ಅಡ್ಡ ಹಿಡಿದು ಪೇಟೆಗೆ ಹೋಗುದಾ? ನನಗೆ ಇದು ಬೇಕು ಮಾರಾಯ್ತಿ." ಅವರು ಯಾವುದನ್ನಾದರೂ ಬೇಕು ಎಂದು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೇಕು ಎಂದರೆ ಸಾಕಾಗುವ ಹಾಗಿರಲಿಲ್ಲ. ಎಡಬದಿ, ಕೆಳಗೆ ಹೃದಯ. ಎದೆಮೂಳೆಯ ಪಕ್ಕದ ಗ್ರಂಥಿಗಳಿಗೂ ಕಿರಣ ಕೊಡಬೇಕಿತ್ತು. ಉಬ್ಬಿದ ಚೀಲ ದಾರಿಗೆ ಅಡ್ಡ. ಸಾಲದ್ದಕ್ಕೆ ಆ ಲೋಹದ ಬಿಲ್ಲೆಯಿಂದ ಸ್ಕ್ಯಾನಿನ ಚಿತ್ರದ ತುಂಬ ಕಪ್ಪು ಬಿಳಿ ಗೆರೆಗಳು ಚಿಮ್ಮಿರುತ್ತವೆ, ಎಲ್ಲಿ ಮಾಂಸ ಎಲ್ಲಿ ನೀರು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ನಮ್ಮ ಡಾಕ್ಟರು ತಲೆ ಕೆರೆದುಕೊಂಡು, "ನೀರು ಖಾಲಿ ಮಾಡಿಸಿದ್ರೆ ಸುಲಭ" ಎಂದರು. ಸುಲಭವೇನೋ ಹೌದು. ಆದರೆ ಖಾಲಿ ಮಾಡಿ ಕಿರಣ ಕೊಟ್ಟರೆ ಚರ್ಮ ಬಿರುಸಾಗಿ ಆಮೇಲೆ ಹಿಗ್ಗುವ ಭರವಸೆ ಇರುವುದಿಲ್ಲ. ಹಾಗಾದರೆ ಟೀಚರಿಗೆ ಅದು ಕಾಯಂ ಹೋದ ಹಾಗೆ. ಉಳಿದದ್ದು ಒಂದೇ ದಾರಿ. ಉಸಿರು ಎಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಹಿಂದಕ್ಕೆ ಸರಿಯುತ್ತದೆ. ಹಿಡಿದಷ್ಟು ಹೊತ್ತು ಕಿರಣ ಬಿಡುವುದು, ಬಿಟ್ಟ ಕೂಡಲೇ ನಿಲ್ಲಿಸುವುದು. ಪ್ರತಿದಿನವೂ ಸ್ಕ್ಯಾನಿನ ದಿನ ಹಿಡಿದಷ್ಟೇ ಹಿಡಿಯಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. "ಇವರಿಗೆ ಆಗ್ತದಾ?" ಎಂದು ಡಾಕ್ಟರು ಸಂಶಯಪಟ್ಟರು. ನಾನು, "ಸರ್, ಇವರು ಕಬಡ್ಡಿ ರೈಡರ್" ಎಂದೆ.

ಅದೇ ಎಡವಟ್ಟಾಯಿತು. ಸ್ಕ್ಯಾನಿನ ದಿನ ಟೆಕ್ನೀಶಿಯನ್ ಮೈಕಿನಲ್ಲಿ, "ಆರಾಮದಲ್ಲಿ ಉಸಿರು ಎಳೆದು ಹಿಡಿಯಿರಿ" ಎಂದಳು. ಆರಾಮ ಎಂಬ ಶಬ್ದ ಟೀಚರ ಕಿವಿಗೆ ಯಾವತ್ತೂ ಬಿದ್ದದ್ದಲ್ಲ. ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಿದ್ದವರು ಗೆರೆ ದಾಟುವ ಮೊದಲು ಎಳೆಯುವ ಹಾಗೆ ಉಸಿರು ಎಳೆದರು. ಪರದೆಯ ಮೇಲೆ ಉಸಿರಿನ ಮಟ್ಟ ತೋರಿಸುವ ಗೆರೆ ಸರ್ರನೆ ಮೇಲೇರಿ ಅಲ್ಲಿಯೇ ನಿಂತಿತು, ಅಲುಗಲಿಲ್ಲ. ಸ್ಕ್ಯಾನ್ ಮುಗಿದು ಚಿತ್ರ ನೋಡಿದರೆ ಹೃದಯ ಎಲ್ಲೋ ಹಿಂದೆ ಹೋಗಿ ಕೂತಿದೆ. ನಮಗೆಲ್ಲ ಖುಷಿಯೋ ಖುಷಿ. ಮಂಚದಿಂದ ಇಳಿದ ಟೀಚರ್, "ಹೇಗೆ? ಸ್ಟೇಟ್ ಲೆವೆಲ್!" ಎಂದರು.

ಆ ಚಿತ್ರಗಳ ಮೇಲೆ ನಾನು ದಿನಗಟ್ಟಲೆ ಕೂತೆ. ಒಂದೊಂದು ಪದರದಲ್ಲೂ ಲೋಹದ ಬಿಲ್ಲೆಯ ಅಂಚನ್ನು ಕೈಯಾರೆ ಬರೆದು, ಇದು ಲೋಹ ಎಂದು ಕಂಪ್ಯೂಟರಿಗೆ ಹೇಳಬೇಕು. ಸುತ್ತ ಚಿಮ್ಮಿದ ಸುಳ್ಳು ಗೆರೆಗಳನ್ನು ಒರೆಸಿ, ಇದು ನೀರು, ಇದು ಸ್ನಾಯು ಎಂದು ತುಂಬಬೇಕು. ಕಿರಣಗಳು ಆದಷ್ಟು ಬಿಲ್ಲೆಯನ್ನು ಹಾಯದ ಹಾಗೆ ಕೋನ ಹುಡುಕಬೇಕು. ಕಣ್ಣು ಉರಿಯುತ್ತಿತ್ತು, ಕತ್ತು ಕಲ್ಲಾಗುತ್ತಿತ್ತು. ಟೀಚರ ಮುಖಕ್ಕಿಂತ ಆ ಬಿಲ್ಲೆಯೇ ನನಗೆ ಹೆಚ್ಚು ಪರಿಚಯವಾಯಿತು. ಕೊನೆಗೆ ಪ್ಲಾನು ಎಷ್ಟು ಚೆಂದ ಬಂತೆಂದರೆ ಡಾಕ್ಟರು ಒಂದೂ ತಕರಾರಿಲ್ಲದೆ ಸಹಿ ಹಾಕಿದರು.

ಚಿಕಿತ್ಸೆಯ ಮೊದಲ ದಿನ ಟೀಚರ್ ಇಚಿಲಂಪಾಡಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದಿದ್ದರು. ಕೀಮೋ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಕಾಲು ಊದಿತ್ತು. ಮಂಚದಲ್ಲಿ ಮಲಗಿ ಉಸಿರು ಎಳೆದರು. ಗೆರೆ ಮೇಲೇರಿತು, ಸ್ಕ್ಯಾನಿನ ದಿನದ ಮಟ್ಟಕ್ಕೆ ಗುರುತು ಹಾಕಿದ ಹಸಿರು ಪಟ್ಟಿಯ ಕೆಳಗೇ ನಿಂತಿತು. ಇನ್ನೊಮ್ಮೆ ಎಳೆದರು. ಮುಟ್ಟಿತು, ಜಾರಿತು. ಮತ್ತೊಮ್ಮೆ. ಈ ಸಲ ಕೆಮ್ಮು ಬಂದು ಮೈಯೆಲ್ಲ ನಡುಗಿತು. ಸ್ಕ್ಯಾನಿನ ದಿನದ ಆ ಉಸಿರು ಒಂದು ಸಲ ಎಳೆಯುವಂಥದ್ದು, ದಿನಾ ಎಳೆಯುವಂಥದ್ದಾಗಿರಲಿಲ್ಲ. ಕಿರಣ ಬಿಡುವ ಹಾಗೇ ಇಲ್ಲ. ಹೊರಗೆ ಮುಂದಿನ ರೋಗಿಗಳು ಕಾಯುತ್ತಿದ್ದರು. ಡಾಕ್ಟರು ನನ್ನ ಕಡೆ ತಿರುಗಿ ಮೆಲ್ಲಗೆ, "ಇನ್ನು ಹಿಂಸೆ ಕೊಡುದು ಬೇಡ. ಖಾಲಿ ಮಾಡಿಸುವ" ಎಂದರು.

ಮೈಕು ಆಫ್ ಆಗಿರಲಿಲ್ಲ. ಒಳಗಿನಿಂದ ಟೀಚರ ಧ್ವನಿ ಬಂತು. "ಇನ್ನೊಂದು ಸಲ ಕೊಡಿ ಸರ್."

ಇನ್ನೊಂದು ಸಲವೂ ಆಗಲಿಲ್ಲ. ನಾನು ಒಳಗೆ ಹೋದಾಗ ಅವರು ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡೇ ಅಳುತ್ತಿದ್ದರು. ಅಲುಗಬೇಡಿ ಎಂದಿದ್ದಕ್ಕೆ ಕಣ್ಣೀರನ್ನೂ ಒರೆಸಿಕೊಂಡಿರಲಿಲ್ಲ, ಅದು ಎರಡೂ ಕಡೆ ಕಿವಿಯೊಳಗೆ ಇಳಿಯುತ್ತಿತ್ತು. ಅವರು ಅಳುವುದನ್ನು ನಮ್ಮ ಶಾಲೆಯಲ್ಲಿ ಯಾರೂ ಕಂಡವರಿಲ್ಲ. ನನ್ನ ದಣಿವೆಲ್ಲ ಆ ಹೊತ್ತು ಸಿಟ್ಟಾಗಿ ಬಂತು. ಯಾರ ಮೇಲೆ ಸಿಟ್ಟು ಮಾಡುವುದೆಂದು ಗೊತ್ತಾಗಲಿಲ್ಲ.

ಹೊರಗೆ ಕರೆದುಕೊಂಡು ಬಂದು, ಆಸ್ಪತ್ರೆಯ ಹಿಂದಿನ ಕಲ್ಲುಬೆಂಚಿನಲ್ಲಿ ಕೂರಿಸಿ, ಬಿಸಿನೀರು ಕೊಟ್ಟೆ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಟೀಚರ್, ನೀವು ಅಲ್ಲಿಯೇ ಪೂರಾ ಖರ್ಚು ಮಾಡ್ತಾ ಇದ್ದೀರಿ. ತಿರುಗಿ ಬರ್ಲಿಕ್ಕೆ ಉಸಿರು ಇಡುದಿಲ್ಲ."

ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಗುಳ ಬರುತ್ತದೆ ಎಂದುಕೊಂಡೆ. "ಮೆಟ್ಟಿಲಲ್ಲಿ ಕೂತವಳು ನನಗೆ ಕಬಡ್ಡಿ ಕಲಿಸುದಾ?" ಎಂದು ಒಮ್ಮೆಲೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಕೇಳಿದರು, "ಹಾಗಾದ್ರೆ ಎಷ್ಟು ಎಳೀಬೇಕು?"

"ನಾಳೆಯೂ ನಾಡಿದ್ದೂ, ಬಸ್ಸಿನಲ್ಲಿ ನಿಂತು ಬಂದ ದಿನವೂ ಎಷ್ಟು ಆಗ್ತದೋ ಅಷ್ಟು."

"ಅಷ್ಟು ಕಡಿಮೆಗೆ ನಿನ್ನ ಲೆಕ್ಕ ಆಗ್ತದಾ?"

"ನೋಡುವ" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಒಂದು ವಾರ ಸಮಯ ಕೊಟ್ಟರು, ಅದಕ್ಕಿಂತ ತಡವಾದರೆ ರೋಗ ಕಾಯುವುದಿಲ್ಲ ಎಂದು ಎಚ್ಚರಿಸಿದರು. ಟೀಚರ್ ದಿನಾ ಬಂದು ಅಭ್ಯಾಸ ಮಾಡಿದರು. ಹೆಚ್ಚು ಮಾಡುವುದನ್ನು ಕಲಿಸಿದವರಿಗೆ ಕಡಿಮೆ ಮಾಡುವುದು ಎಷ್ಟು ಕಷ್ಟ ಎಂದು ಆಗ ಕಂಡೆ. ಗೆರೆ ಹಸಿರು ಪಟ್ಟಿ ದಾಟಿ ಮೇಲೆ ಹೋದಾಗಲೆಲ್ಲ, "ಫೌಲ್!" ಎಂದು ತಾವೇ ಕೂಗುತ್ತಿದ್ದರು. ಕೊನೆಗೆ ಕಣ್ಣು ಮುಚ್ಚಿ ಎಳೆದರೂ ಅಷ್ಟಕ್ಕೇ ಬಂದು ನಿಲ್ಲುವ ಒಂದು ಸಾಧಾರಣ ಉಸಿರು ಅವರಿಗೆ ಒಗ್ಗಿತು. ಮತ್ತೆ ಸ್ಕ್ಯಾನ್. ಮತ್ತೆ ಅದೇ ಬಿಲ್ಲೆ, ಅದೇ ಗೆರೆಗಳು, ಪದರ ಪದರವಾಗಿ ಮೊದಲಿನಿಂದ. ಈ ಸಲ ಹೃದಯ ಅಷ್ಟು ದೂರ ಹೋಗಿರಲಿಲ್ಲ. ಪ್ಲಾನು ಚೆಂದ ಎನ್ನುವ ಹಾಗಿರಲಿಲ್ಲ, ಆಗಬಹುದು ಎನ್ನುವ ಹಾಗಿತ್ತು. ಡಾಕ್ಟರು ಬಹಳ ಹೊತ್ತು ನೋಡಿ, "ಮಿತಿಯೊಳಗೆ ಉಂಟು" ಎಂದು ಸಹಿ ಹಾಕಿದರು.

ಚಿಕಿತ್ಸೆ ಮುಗಿಯುವ ತನಕ ಒಂದು ದಿನವೂ ಅವರು ಗೆರೆ ತಪ್ಪಲಿಲ್ಲ. ಚರ್ಮ ಕಪ್ಪಾಯಿತು, ಕಂಕುಳ ಹತ್ತಿರ ಸುಲಿಯಿತು. ಚೀಲ ಉಳಿಯಿತು. ಕೊನೆಯ ದಿನ ಸೀರೆ ಉಟ್ಟು ಬಂದು ನನ್ನ ಕೋಣೆಯ ಬಾಗಿಲಲ್ಲಿ ನೆಟ್ಟಗೆ ನಿಂತು, "ನೋಡು, ಎರಡೂ ಬದಿ ಸಮ ಉಂಟಾ?" ಎಂದು ಕೇಳಿದರು. ಪಕ್ಕದಲ್ಲಿ ಗಂಡಸರಿದ್ದರು, ಟೀಚರಿಗೆ ಅದು ಲೆಕ್ಕವೇ ಇಲ್ಲ. ಸಮ ಉಂಟು ಟೀಚರ್ ಎಂದೆ.

ಆ ಚೀಲ ತೆಗೆದು ಕಾಯಂ ಆದದ್ದನ್ನು ಇಡುವ ಇನ್ನೊಂದು ಆಪರೇಶನ್ ಆಗಬೇಕಿತ್ತು. ಚರ್ಮ ಸುಧಾರಿಸಲಿ ಎಂದು ಮೊದಲು ಕಾದರು. ಆಮೇಲೆ ಶಾಲೆಗಳ ಪಂದ್ಯಾಟಕ್ಕೆ ರೆಫ್ರಿ ಆಗಿ ಸುಳ್ಯ, ಕಡಬ ಎಂದು ಸುತ್ತಾಡಿದರು. ಕೇಳಿದಾಗಲೆಲ್ಲ, "ಇದೇ ಸಾಕು ಮಾರಾಯ್ತಿ, ಆಸ್ಪತ್ರೆಯ ವಾಸನೆ ಸಾಕಾಯ್ತು" ಎನ್ನುತ್ತಿದ್ದರು. ಸರ್ಜನ್ ಬೈದರೂ ಕೇಳಲಿಲ್ಲ. ಕೆಲವು ವರ್ಷ ಚೆನ್ನಾಗಿಯೇ ಕಳೆಯಿತು. ಮತ್ತೆ ಕೆಮ್ಮು ಶುರುವಾಯಿತು. ಈ ಸಲ ರೋಗ ಶ್ವಾಸಕೋಶದಲ್ಲಿತ್ತು. ನನ್ನ ಯಾವ ಲೆಕ್ಕಕ್ಕೂ ಅಲ್ಲಿ ಕೆಲಸ ಇರಲಿಲ್ಲ.

ಇಚಿಲಂಪಾಡಿಗೆ ಹೋದಾಗ ಮನೆಯ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು, ಮೂಗಿಗೆ ಆಕ್ಸಿಜನ್ ನಳಿಗೆ. ಆಗಲೂ ಭುಜ ಹಿಂದಕ್ಕೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಿಲ್ಲಬೇಕಾಗುತ್ತಿತ್ತು.

"ರೈಡ್ ದೂರ ಹೋಯ್ತು" ಎಂದರು. "ಈ ಸಲ ಗೆರೆಗೆ ಮುಟ್ಲಿಕ್ಕಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅವರು ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ನೋಡುತ್ತಿದ್ದರು.

"ನೀನು ಸಂಜೆ ಮನೆಗೆ ಹೋಗುದು ಯಾವಾಗ?"

"ಕೆಲಸ ಮುಗಿದ ಮೇಲೆ ಟೀಚರ್."

"ಕೆಲಸ ಮುಗಿಯುದಿಲ್ಲ. ಮನೆಗೆ ಹೋಗ್ಲಿಕ್ಕೂ ಸ್ವಲ್ಪ ಇಟ್ಟುಕೋ."

ಅದಾಗಿ ಸ್ವಲ್ಪ ದಿನಕ್ಕೆ ಹೋಗಿಬಿಟ್ಟರು. ಅವರನ್ನು ಸುಡುವ ದಿನ ನನಗೆ ರಜೆ ಸಿಗಲಿಲ್ಲ. ಬೂದಿ ತೆಗೆಯುವ ದಿನ ಹೋದೆ. ಮನೆಯ ಜಾಗದಲ್ಲಿಯೇ, ಹರಿಯುವ ತೋಡಿನ ಆಚೆ ಸುಟ್ಟಿದ್ದರು. ನಾನು ಅಂಗಳಕ್ಕೆ ಕಾಲಿಡುವಾಗ ಗಂಡಸರು ಅಲ್ಲಿಂದ ಬಂದು ಏನೋ ಗುಸುಗುಸು ಮಾತಾಡುತ್ತಿದ್ದರು. ಟೀಚರ ತಮ್ಮನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಕೈಯಲ್ಲಿ ಬಾಳೆಲೆಯ ತುಂಡು, ಅದರ ಮೇಲೆ ಬೂದಿ ಮೆತ್ತಿದ ಒಂದು ಸಣ್ಣ ಬಿಲ್ಲೆ. ನಾಣ್ಯದಷ್ಟು ಅಗಲ, ನಡುವೆ ಕುಳಿ.

"ಎಲುಬು ಹೆಕ್ಕುವಾಗ ಸಿಕ್ಕಿತು" ಎಂದರು, ಧ್ವನಿ ತಗ್ಗಿಸಿ. "ಯಾರೋ ಮಾಟ ಎಂತದೋ ಮಾಡಿ ಹಾಕಿದ್ದು, ಅದಕ್ಕೇ ಇವರು ಹೀಗಾದದ್ದು ಅಂತ ಹೇಳ್ತಾ ಇದ್ದಾರೆ. ನೀವು ಕಲಿತವರು, ಇದು ಎಂತ ಹೇಳಿ."

ಬಾಳೆಲೆಯನ್ನು ಕೈಗೆ ತೆಗೆದುಕೊಂಡೆ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತ್ತು. ಅದರ ಅಂಚನ್ನು ಎರಡು ಸಲ, ಪದರ ಪದರವಾಗಿ ಬರೆದವಳು ನಾನು. ಎಷ್ಟು ದಪ್ಪ, ಕುಳಿ ಎಷ್ಟು ಆಳ, ಹೃದಯದಿಂದ ಎಷ್ಟು ದೂರ ಎಲ್ಲ ನನಗೆ ಗೊತ್ತು. ಕಣ್ಣಾರೆ ಕಂಡದ್ದು ಮಾತ್ರ ಆಗಲೇ.

"ಯಾರೂ ಹಾಕಿದ್ದಲ್ಲ ಅಕ್ಕಾ" ಎಂದೆ, ಗಂಡಸರಿಗೂ ಕೇಳುವ ಹಾಗೆ. "ಇದು ಟೀಚರೇ ಬೇಕು ಅಂತ ಕೇಳಿ ಇಟ್ಟುಕೊಂಡದ್ದು. ನೆಟ್ಟಗೆ ನಡೀಲಿಕ್ಕೆ."

ಗುಸುಗುಸು ನಿಂತಿತು. ಟೀಚರ ತಮ್ಮ ಹತ್ತಿರ ಬಂದು ಅದನ್ನು ಒಮ್ಮೆ ನೋಡಿ, ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಂಡರು. ಇದನ್ನು ಎಂತ ಮಾಡುದು ಎಂದು ಕೇಳಿದರು. ಬೂದಿಯ ಜೊತೆಗೇ ಹೊಳೆಗೆ ಹೋಗಲಿ, ಅವರದ್ದಲ್ವಾ ಎಂದೆ.

ಬಾಳೆಲೆಯನ್ನು ವಾಪಸು ಕೊಡುವ ಮೊದಲು ಹೆಬ್ಬೆರಳಿನಿಂದ ಅದನ್ನು ಒಮ್ಮೆ ಒತ್ತಿದೆ. ಗಟ್ಟಿ ಇತ್ತು. ಆ ಸಂಜೆ ಬೆಳಕಿರುವಾಗಲೇ ಮನೆಗೆ ಹೋದೆ.